ಮೊದಲು ಕೇಳುವ ಪ್ರಶ್ನೆ

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ತಮ್ಮನಿಗೆ,

ಅಕ್ಕನ ಆಶೀರ್ವಾದಗಳು. ನಿನ್ನ ಎರಡೂ ಪತ್ರಗಳು ತಲುಪಿವೆ. ಉತ್ತರಕ್ಕೆ ಮೂರು ವಾರ ಕಾಯಿಸಿದೆನೆಂದು ಬೇಜಾರು ಮಾಡಿಕೊಳ್ಳಬೇಡ. ನಾಲ್ಕು ಸಲ ಬರೆದೆ, ನಾಲ್ಕು ಸಲ ಹರಿದೆ. ಫೋನಿನಲ್ಲೇ ಹೇಳೋಣವೆಂದರೆ, ದಿನಕ್ಕೆ ಎಂಟು ಗಂಟೆ ಅದನ್ನೇ ಕಿವಿಗೆ ಕಟ್ಟಿಕೊಂಡು ಕೂರುವವಳಿಗೆ ಮನೆಗೆ ಬಂದ ಮೇಲೆ ಮುಟ್ಟಲೂ ಮನಸ್ಸಾಗುವುದಿಲ್ಲ.

ನಿನ್ನ ಭಾವ ಹಾಗೇ ಇದ್ದಾರೆ. ಲಕ್ವ ಹೊಡೆದ ಎಡಗೈ ಇನ್ನೂ ಮೇಲೇಳುತ್ತಿಲ್ಲ, ಬಾಯಿ ಮಾತ್ರ ಚೆನ್ನಾಗಿ ಓಡುತ್ತಿದೆ. ನೀನು ಊರೂರು ತಿರುಗಿ ತೆರಿಗೆ ಉಳಿಸುವ ನಮ್ಮ ಪುರಸಭೆಯ ಹೊಸ ಪದ್ಧತಿಯ ಬಗ್ಗೆ ಭಾಷಣ ಮಾಡುತ್ತಿರುವುದು ಪೇಪರಿನಲ್ಲಿ ಫೋಟೋ ಸಮೇತ ಬಂದಿತ್ತು. ನೋಡು, ನಿನ್ನ ತಮ್ಮ ದಪ್ಪಗಾಗಿದ್ದಾನೆ, ಉಳಿಸಿದ ತೆರಿಗೆಯೆಲ್ಲ ಹೊಟ್ಟೆಗೇ ಹೋಗಿರಬೇಕು ಎಂದರು. ಅವರ ಮಾತನ್ನು ನೀನು ಮನಸ್ಸಿಗೆ ಹಚ್ಚಿಕೊಳ್ಳುವವನಲ್ಲ ಎಂದು ಬರೆದಿದ್ದೇನೆ.

ಈಗ ನೀನು ಕೇಳಿದ ವಿಷಯ. ಶುಕ್ರವಾರ ಪುರಸಭೆಯಲ್ಲಿ ಆಂಬುಲೆನ್ಸ್ ಮತ್ತು ಅಗ್ನಿಶಾಮಕದ ಗುತ್ತಿಗೆಯನ್ನು, ಹಣ ಕಟ್ಟಿ ಸದಸ್ಯರಾದವರಿಗೆ ಮೊದಲು ಗಾಡಿ ಕಳಿಸುವ ಈಗಿನ ಕಂಪನಿಗೇ ಮುಂದುವರಿಸುವ ಮಾತಿದೆ. ನಿನ್ನ ಜೊತೆ ಓದಿದ ಆ ಟೈಲರ್‌ನ ಹೆಂಡತಿಯ ಸಾವನ್ನು ಮುಂದಿಟ್ಟುಕೊಂಡು ನಿನ್ನ ಎದುರಾಳಿಗಳು ಗಲಾಟೆ ಮಾಡುತ್ತಿದ್ದಾರೆ. ಆ ದಿನ ಫೋನು ತೆಗೆದವಳು ನಾನೇ ಆದ್ದರಿಂದ, ಕರೆ ಮಾಡಿದವನು ಸದಸ್ಯತ್ವದ ನಂಬರನ್ನು ತಪ್ಪಾಗಿ ಹೇಳಿದ ಎಂದು ನಾನು ಬರೆದು ಸಹಿ ಹಾಕಿಕೊಟ್ಟರೆ ಅವರ ಬಾಯಿ ಮುಚ್ಚುತ್ತದೆ ಎಂದಿದ್ದೀಯ. ಅದನ್ನು ನಾನು ಕೊಡುವ ಮೊದಲು ಆ ದಿನ ಏನು ನಡೆಯಿತೆಂದು ನೀನು ಓದಬೇಕು. ಕಂಪನಿಯವರು ನಿನಗೆ ಒಂದು ಪುಟದಲ್ಲಿ ಮುಗಿಸಿರುತ್ತಾರೆ.

ಹಿಂದೆ ನಮ್ಮ ಕಂಟ್ರೋಲ್ ರೂಮಿನಲ್ಲಿ ಫೋನು ತೆಗೆದರೆ ಮೊದಲ ಪ್ರಶ್ನೆ "ಎಲ್ಲಿದ್ದೀರಿ?" ಎಂದು. ಬೀದಿ, ಮನೆ ನಂಬರು ಗೊತ್ತಾದ ಕೂಡಲೇ ಮೇಜಿನ ಪಕ್ಕದ ಗುಂಡಿ ಒತ್ತುತ್ತಿದ್ದೆ, ಅಂಗಳದಲ್ಲಿ ಗಂಟೆ ಬಡಿಯುತ್ತಿತ್ತು. ಏನಾಯಿತು, ಯಾರಿಗೆ, ಹೆಸರೇನು ಎಂಬುದೆಲ್ಲ ಗಾಡಿ ಗೇಟು ದಾಟಿದ ಮೇಲೆ. ಇಪ್ಪತ್ತೆರಡು ವರ್ಷ ಹಾಗೇ ಮಾಡಿದೆ. ಈಗ ಮೊದಲ ಪ್ರಶ್ನೆ "ನಿಮ್ಮ ಸದಸ್ಯತ್ವದ ನಂಬರ್ ಹೇಳಿ." ಏಳು ಅಂಕಿ. ಅದು ಸರಿಹೊಂದುವ ತನಕ ಕಂಪ್ಯೂಟರಿನಲ್ಲಿ ವಿಳಾಸದ ಪುಟವೇ ತೆರೆಯುವುದಿಲ್ಲ. ಗಂಟೆಯನ್ನು ಗೋಡೆಯಿಂದ ಬಿಚ್ಚಿ ಒಯ್ದಿದ್ದಾರೆ, ನಾಲ್ಕು ತೂತು ಉಳಿದಿವೆ.

ಹಿಂದಿನದೆಲ್ಲ ಚಿನ್ನವಾಗಿತ್ತು ಎಂದು ನಾನು ಹೇಳುವುದಿಲ್ಲ. ಹಳೆಯ ಗಾಡಿಯನ್ನು ಎಷ್ಟೋ ಬೆಳಿಗ್ಗೆ ತಳ್ಳಿ ಚಾಲೂ ಮಾಡಬೇಕಿತ್ತು. ಹುಡುಗರು ಮಧ್ಯಾಹ್ನವೆಲ್ಲ ಇಸ್ಪೀಟು ಆಡುತ್ತಿದ್ದರು. ಸಾಹೇಬರ ಜೀಪು ಸಾಹೇಬರ ಹೆಂಡತಿಯ ಜೊತೆ ತರಕಾರಿಗೆ ಹೋಗುತ್ತಿತ್ತು. ಸಭಾಂಗಣದಲ್ಲಿ ನೀನು ಇದನ್ನೆಲ್ಲ ಹೇಳಿದಾಗ ಒಂದೂ ಸುಳ್ಳಿರಲಿಲ್ಲ. "ನನ್ನ ಜೇಬಿಗೆ ಕೈ ಹಾಕಿ ಮಾಡಿಸೋ ಉಪಕಾರ ಉಪಕಾರ ಅಲ್ಲ, ಸುಲಿಗೆ. ಬೇಕಾದವರು ಬೇಕಾದ್ದನ್ನ ಕೊಂಡುಕೊಳ್ಳಲಿ" ಎಂದೆ ನೀನು. ಜನ ಚಪ್ಪಾಳೆ ತಟ್ಟಿದರು. ಮೂರನೆಯ ಸಾಲಿನಲ್ಲಿ ಟೈಲರ್ ಎದ್ದು ನಿಂತೇ ತಟ್ಟಿದ. "ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು, ನೋಡಿ ಹೇಗೆ ಮಾತಾಡ್ತಾನೆ" ಎಂದು ಅಕ್ಕಪಕ್ಕದವರಿಗೆ ಹೇಳುತ್ತಿದ್ದ. ಮಾರನೆಯ ವಾರ ಸದಸ್ಯತ್ವ ಬರೆಸಿದ ಮೊದಲ ಹತ್ತು ಜನರಲ್ಲಿ ಅವನೂ ಒಬ್ಬ.

ಆ ದಿನ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಅವನ ಫೋನು ಬಂತು. ನಾನು ಬಾಯಿ ತೆರೆಯುವ ಮೊದಲೇ, ಇವಳಿಗೆ ಉಸಿರು ಸಿಗುತ್ತಿಲ್ಲ, ತುಟಿ ನೀಲಿಯಾಗಿದೆ ಎಂದ. ದನಿ ಗುರುತು ಸಿಕ್ಕಿತು. ಅವನಿಗೂ ನನ್ನದು ಸಿಕ್ಕಿತು, "ಅಕ್ಕಾ, ನೀವಾ? ಸದ್ಯ" ಎಂದ. ನಂಬರು ಕೇಳಿದೆ. ಕಾರ್ಡು ಕೈಯಲ್ಲೇ ಹಿಡಿದಿದ್ದ, ಹೇಳಿದ. ಕಂಪ್ಯೂಟರ್ ಒಪ್ಪಲಿಲ್ಲ. ಇನ್ನೊಮ್ಮೆ ಹೇಳು ಎಂದೆ, ಹೇಳಿದ. ಒಪ್ಪಲಿಲ್ಲ. ಮೂರನೆಯ ಸಲವೂ ಒಪ್ಪದೆ ಹೋದಾಗ ಕರೆ ತಾನಾಗಿಯೇ ಸದಸ್ಯರಲ್ಲದವರ ಸಾಲಿಗೆ ಹೋಯಿತು. ಆ ಸಾಲಿಗೆ ಗಾಡಿ ಬರುವುದು ಪಕ್ಕದ ಊರಿನಿಂದ.

ನಲವತ್ತೊಂದು ನಿಮಿಷಕ್ಕೆ ಬಂತು. ಅಷ್ಟರಲ್ಲಿ ಮುಗಿದಿತ್ತು. ನಮ್ಮ ಅಂಗಳದಿಂದ ಅವನ ಮನೆಗೆ ನಾಲ್ಕು ನಿಮಿಷದ ದಾರಿ. ಗಾಡಿ ನನ್ನ ಕಿಟಕಿಯ ಕೆಳಗೇ ನಿಂತಿತ್ತು, ಡ್ರೈವರ್ ಅದರ ಗಾಜು ಒರೆಸುತ್ತಿದ್ದ. ಕಿಟಕಿ ತೆಗೆದು ಕೂಗಬಹುದಿತ್ತು. ಕೂಗಲಿಲ್ಲ. ನಂಬರಿಲ್ಲದೆ ಗಾಡಿ ಕಳಿಸಿದ್ದಕ್ಕೆ ಆಗಲೇ ಎರಡು ಸಲ ನನಗೆ ನೋಟೀಸು ಬಂದಿತ್ತು. ಮೂರನೆಯದಕ್ಕೆ ಕೆಲಸ ಹೋಗುತ್ತದೆ. ನಿನ್ನ ಭಾವನ ಸದಸ್ಯತ್ವ ನನ್ನ ಕೆಲಸದ ಜೊತೆಗೇ ಬಂದದ್ದು. ಅವರಿಗೆ ಇನ್ನೊಂದು ಸಲ ಹಾಗಾದರೆ ನಾನು ಯಾವ ಸಾಲಿನಲ್ಲಿ ನಿಲ್ಲಲಿ?

ನೀನು ಚಿಕ್ಕಂದಿನಿಂದ ಮಾತಿನಲ್ಲಿ ನನ್ನನ್ನು ಗೆದ್ದವನು. "ಸರ್ಕಾರಿ ಅಕ್ಕ" ಎಂದು ಆಡಿಸಿ ಬಾಯಿ ಮುಚ್ಚಿಸುತ್ತಿದ್ದೆ. ಈಗಲೂ ನಾನು ವಾದಕ್ಕೆ ನಿಂತಿಲ್ಲ. ಬೇಕಾದವರು ಕೊಂಡುಕೊಳ್ಳಲಿ ಎಂದೆ ನೀನು. ಟೈಲರ್ ಕೊಂಡುಕೊಂಡಿದ್ದನಪ್ಪ. ಅಷ್ಟೇ ನನ್ನ ಮಾತು. ಉಸಿರು ಕಟ್ಟುತ್ತಿರುವವರ ಮನೆಗೂ ನಾಲ್ಕು ನಿಮಿಷದ ದಾರಿಗೂ ನಡುವೆ ಒಂದು ಪ್ರಶ್ನೆ ತಂದಿಟ್ಟಿದ್ದೇವೆ. ಆ ಪ್ರಶ್ನೆ ಕೇಳುವ ಕೆಲಸ ನನ್ನದು. ದಿನಕ್ಕೆ ಮೂವತ್ತು ಸಲ ಕೇಳುತ್ತೇನೆ. ನಾಳೆಯೂ ಕೇಳುತ್ತೇನೆ.

ನೀನು ಹೇಳಿದ ಹೇಳಿಕೆಯನ್ನು ನೀನು ಬರೆದುಕೊಟ್ಟ ಮಾತಿನಲ್ಲೇ ಬರೆದು, ಸಹಿ ಹಾಕಿ ಇದರೊಳಗೆ ಇಟ್ಟಿದ್ದೇನೆ. ಶುಕ್ರವಾರಕ್ಕೆ ಸಿಗುತ್ತದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನೆಗಡಿ ಹತ್ತಿಸಿಕೊಳ್ಳಬೇಡ. ನಿನ್ನ ಹೆಂಡತಿ ಮಕ್ಕಳನ್ನು ವಾರಕ್ಕೊಮ್ಮೆ ಹೋಗಿ ನೋಡಿ ಬರುತ್ತಿದ್ದೇನೆ, ಆ ಚಿಂತೆ ಬೇಡ. ನೂರು ವರ್ಷ ಬಾಳು.

ಇಂತಿ,
ನಿನ್ನ ಅಕ್ಕ

ತಾಜಾ ಕಲಮು: ಅವನು ನಂಬರು ತಪ್ಪು ಹೇಳಿರಲಿಲ್ಲ. ಮೇಲ್ವಿಚಾರಕ ರೆಕಾರ್ಡಿಂಗ್ ಹಾಕಿ ಕೇಳಿಸಿದ, ನಾನು ಒತ್ತಿದ್ದನ್ನೂ ತೋರಿಸಿದ. ಮೂರು ಸಲವೂ ಒಂದೊಂದೇ ಅಂಕಿ ಬಿಡಿಸಿ ಸರಿಯಾಗಿ ಹೇಳಿದ್ದಾನೆ. ಅವನ ದನಿ ಕೇಳಿದ್ದೇ ತಡ, ನನ್ನ ಬೆರಳು ಹಳೆಯ ರೂಢಿಯಂತೆ ಸದಸ್ಯತ್ವದ ನಂಬರಿನ ಜಾಗದಲ್ಲಿ ಮೊದಲು ಅವನ ಮನೆ ನಂಬರು ಒತ್ತಿಬಿಟ್ಟಿತ್ತು, ಹದಿನಾಲ್ಕು. ಪ್ರತಿ ಸಲವೂ ಅವನು ಹೇಳಿದ ಏಳು ಅಂಕಿ ಮಾತ್ರ ಅಳಿಸಿ ಮತ್ತೆ ಒತ್ತಿದೆ. ಮುಂದಿದ್ದ ಹದಿನಾಲ್ಕು ಕಣ್ಣಿಗೆ ಬೀಳಲೇ ಇಲ್ಲ. ಹೇಳಿಕೆ ಹೀಗೇ ಇರಲಿ ಮೇಡಂ, ನಿಮಗೂ ಒಳ್ಳೇದು, ನಮಗೂ ಒಳ್ಳೇದು ಎಂದ ಮೇಲ್ವಿಚಾರಕ.

ಭಾನುವಾರ ಟೈಲರ್ ಮನೆಗೆ ಬಂದಿದ್ದ, ಮಗಳನ್ನು ಕರೆದುಕೊಂಡು. ಕುರ್ಚಿಯ ತುದಿಯಲ್ಲಿ ಕೂತು, "ಅಕ್ಕಾ, ನಾನು ತಪ್ಪು ಹೇಳಿದ್ನಾ?" ಎಂದು ಕೇಳಿದ. ಒಂದು ಅಂಕಿ ತಪ್ಪಿತು ಎಂದೆ. ಗಾಬರಿಯಲ್ಲಿ ಬಾಯಿ ತಪ್ಪಿರಬೇಕು ಎಂದು ತಲೆಯಾಡಿಸಿದ. ಮಗಳ ಕಾಲಕ್ಕಾದರೂ ತಪ್ಪಬಾರದಲ್ಲ ಎಂದು ನನ್ನ ಮುಖವನ್ನೇ ನೋಡುತ್ತ ಆ ಏಳೂ ಅಂಕಿಗಳನ್ನು ನಿಧಾನವಾಗಿ ಒಪ್ಪಿಸಿದ. ಆ ದಿನ ಹೇಳಿದ್ದೂ ಅವನ್ನೇ.

"ಸರಿ ಇದೆಯಾ ಅಕ್ಕಾ?" ಎಂದ.

"ಈಗ ಸರಿಯಾಗಿದೆ" ಎಂದೆ.