ನಿನ್ನವ್ವ ಅರ್ಧ ಗಂಟೆ ಹೇಳಿದ್ದು

ಮೊಳಕಾಲ್ಮುರು
೧೨-೨-೨೦೨೫, ಬುಧವಾರ

ನನ್ನ ಅಕ್ಕನ ಮಗಳು, ಚಳ್ಳಕೆರೆಯ ಇಂಗ್ಲಿಷ್ ಮೇಡಂ ದಿವ್ಯಶ್ರೀಗೆ,

ನಿನ್ನ ಸೋದರಮಾವ ವೆಂಕಟೇಶಪ್ಪ, ಎಸ್ಸೆಸ್ಸೆಲ್ಸಿ ಸೆಕೆಂಡ್ ಕ್ಲಾಸ್, ಕೈಯಾರೆ ಬರೆಯುವ ಕಾಗದ. ನೀನು, ಈರೇಶ, ಹೊಟ್ಟೆಯೊಳಗಿರುವ ಪುಟ್ಟ ಜೀವ ಮೂವರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಪತ್ರ ಬಂದು ಹದಿನೈದು ದಿನವಾಯಿತು. ಉತ್ತರ ತಡವಾಗಿದ್ದಕ್ಕೆ ಪೋಸ್ಟಿನವರನ್ನು ಬೈಯಬೇಡ, ನನ್ನನ್ನೇ ಬೈ. ಮೂರು ಸಲ ಬರೆದೆ, ಮೂರು ಸಲ ಹರಿದೆ. ಫೋನ್ ಮಾಡಬಹುದಿತ್ತು. ಆದರೆ ನಾನು ಬಾಯಿ ತೆರೆಯುವಷ್ಟರಲ್ಲಿ ನೀನು, ‘ಮಾಮಾ, ಇನ್ ಶಾರ್ಟ್ ಹೇಳು, ಕ್ಲಾಸಿಗೆ ಬೆಲ್ ಹೊಡೀತೈತೆ’ ಅನ್ನುತ್ತೀಯ. ಕಾಗದಕ್ಕೆ ಹಾಗನ್ನಲು ಬರುವುದಿಲ್ಲ.

ಮೊದಲು ನನ್ನ ಪ್ರತಾಪ ಕೇಳು. ಮಾತು ಮುಗಿಸುವುದಕ್ಕೆಂದು ನೀನು ಕಳಿಸಿದ ಇಂಗ್ಲಿಷ್ ಪದಗಳ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಮೊನ್ನೆ ನೇಕಾರರ ಸಂಘದಲ್ಲಿ ಭಾಷಣ ಮಾಡಿದೆ. ಡಿಸೈನ್ ಕಲಿಯುವ ಹುಡುಗಿಯರು ಇಪ್ಪತ್ತು ಜನ ಮಗ್ಗ ನೋಡಲು ಬಂದಿದ್ದರು. ಸಂಘದಲ್ಲಿ ಇಂಗ್ಲಿಷ್ ಬಲ್ಲವನು ನಾನೊಬ್ಬನೇ, ಅದು ನಿನಗೆ ಗೊತ್ತಿರುವ ವಿಷಯ. ‘ಫೈನಲಿ’ ಎಂದೆ, ಚಪ್ಪಾಳೆ ಹೊಡೆದರು. ಚಪ್ಪಾಳೆ ಬಿದ್ದ ಮೇಲೆ ಯಾವನು ಕೂರುತ್ತಾನೆ? ರೇಷ್ಮೆಗೆ ಬಣ್ಣ ಕೂಡಿಸುವ ವಿಷಯ ಎತ್ತಿಕೊಂಡೆ. ‘ಇನ್ ಕನ್‌ಕ್ಲೂಷನ್’ ಎಂದಾಗ ಅವರ ಮೇಡಂ ಹಾರ ಹಿಡಿದು ಎದ್ದರು. ನನಗೆ ಅಂಚಿನ ಕೆಲಸ ನೆನಪಾಯಿತು, ಪಾಪ ಮತ್ತೆ ಕೂತರು. ‘ಟು ಸಮ್ ಅಪ್’ಗೆ ಎದ್ದರು, ‘ಲಾಸ್ಟ್ ಬಟ್ ನಾಟ್ ದಿ ಲೀಸ್ಟ್’ಗೆ ಹಾರವನ್ನು ಕುರ್ಚಿಯ ಮೇಲೆ ಇಟ್ಟೇಬಿಟ್ಟರು. ದೀಪಿಕಾ ಎಂಬ ಹುಡುಗಿ ನಗುತ್ತಾ, ‘ಅಂಕಲ್, ನಾಲ್ಕು ಸಲ ಮುಗಿಸಿದ್ರಿ, ಆದ್ರೂ ನಿಲ್ಲಿಸ್ಲಿಲ್ಲ’ ಎಂದಳು. ಕಾರ್ಯದರ್ಶಿ ನಾಗಾರ್ಜುನ ನನ್ನ ಅಂಗಿ ಜಗ್ಗಿ, ‘ಲೇ, ಅವರ ಬಸ್ಸು ಹೋಗೋದೈತೆ ಕಣಲೇ’ ಎಂದ. ‘ಹೋಗ್ಲಿ ಬಿಡು, ನಾಳೆ ಬೆಳಗ್ಗೆ ಇನ್ನೊಂದು ಐತೆ’ ಎಂದೆ.

ಆದರೆ ಒಂದು ಮಾತು. ಇಂಗ್ಲಿಷಿನವರಿಗೆ ಮುಗಿಸುವುದಕ್ಕೆ ಇಷ್ಟೊಂದು ಪದ ಯಾಕೆ ಬೇಕಾಯಿತೋ ಕಾಣೆ. ನಾವು ಮನೆ ಬಿಟ್ಟು ಹೊರಟಾಗಲೂ ‘ಬರ್ತೀನಿ’ ಅನ್ನುವ ಜನ. ಪಟ್ಟಿಯನ್ನು ಬಾಯಿಪಾಠ ಮಾಡುವಾಗ ನಾಲಿಗೆಗೆ ಖುಷಿಯಾಗುತ್ತಿತ್ತು, ಆದರೂ ನಡುನಡುವೆ ಅದನ್ನು ಮಡಿಚಿ ಜೇಬಿಗೆ ಹಾಕಿಬಿಡುತ್ತಿದ್ದೆ.

ವಿಷಯಕ್ಕೆ ಬರುತ್ತೇನೆ. ಹೆರಿಗೆಗೆ ತವರಿಗೆ ಬರುವುದಿಲ್ಲ, ನನ್ನಿವಾಳದಲ್ಲಿ ಅತ್ತೆ ಜುಂಜಮ್ಮನೇ ನೋಡಿಕೊಳ್ಳುತ್ತಾರೆ ಎಂದು ಬರೆದಿದ್ದೀಯ. ಆ ತಾಯಿ ಒಳ್ಳೆಯವಳು, ಇಲ್ಲ ಅನ್ನುವುದಿಲ್ಲ. ಅದರ ಕೆಳಗೆ ಗೆರೆ ಎಳೆದು, ‘ಮೂರು ವರ್ಷದ ಹಿಂದೆ ಅವ್ವನೇ ಮ್ಯಾಟರ್ ಕ್ಲೋಸ್ಡ್ ಅಂತ ಮೆಸೇಜು ಬರೆಸಿ ಕಳಿಸಿದಾಳೆ. ಈಗ ಯಾವ ಮುಖ ಇಟ್ಕೊಂಡು ಬರ್ಲಿ ಮಾಮಾ?’ ಎಂದು ಕೇಳಿದ್ದೀಯ. ಆ ಸಾಲನ್ನು ಓದಿದಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ನಿನಗೆ ಏಳು ತಿಂಗಳು ಎಂದು ನನ್ನ ಹೆಂಡತಿ ರೇಣುಕಮ್ಮ ಬಾಯಿ ಬಿಟ್ಟ ದಿನವೇ ನಿನ್ನವ್ವ ನಿನ್ನ ಸೀಮಂತದ ಸೀರೆಗೆಂದು ಮಗ್ಗಕ್ಕೆ ಹಸಿರು ನೂಲಿನ ಹಾಸು ಹೂಡಿದಳು. ಯಾರ ಆರ್ಡರೂ ಇಲ್ಲ. ಕಣ್ಣು ಮಂಜು, ಸೊಂಟ ಹಿಡಿದುಕೊಂಡಿದೆ, ಆದರೂ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತರೆ ಊಟಕ್ಕೂ ಏಳಳು. ಸೆರಗು ಮುಗಿದು ಇವತ್ತಿಗೆ ಹನ್ನೊಂದು ದಿನ. ಕೊಯ್ದು ಇಳಿಸುತ್ತಿಲ್ಲ. ಅದೇ ಹಾಸಿನಲ್ಲಿ ಇನ್ನೂ ಎರಡು ಸೀರೆಗೆ ನೂಲಿದೆ, ಅದನ್ನೂ ಶುರು ಮಾಡುತ್ತಿಲ್ಲ. ನಲವತ್ತು ವರ್ಷ ಲಟಕ್ ಲಟಕ್ ಅನ್ನುತ್ತಿದ್ದ ಮನೆ ಸುಮ್ಮನಿದೆ, ಬೀದಿಯವರು ‘ಅಕ್ಕನಿಗೆ ಹುಷಾರಿಲ್ವಾ?’ ಎಂದು ಕೇಳುತ್ತಾರೆ.

‘ಅಕ್ಕಾ, ಕೊಯ್ದು ಮಡಿಚಿ ಕೊಡು, ನಾನೇ ಚಳ್ಳಕೆರೆಗೆ ಮುಟ್ಟಿಸಿ ಬರ್ತೀನಿ’ ಎಂದೆ.

‘ಉಡೋಳು ಬಂದು ಎದುರಿಗೆ ನಿಂತ್ರೆ ಕೊಯ್ತೀನಿ. ಇಲ್ದಿದ್ರೆ ಮಗ್ಗದಾಗೇ ಇರ್ಲಿ.’

‘ಹಂಗಾದ್ರೆ ಕರಿ ಅವಳನ್ನ.’

‘ಎಷ್ಟು ಸಲ ಕರೀಲಿ? ಅವತ್ತೇ ಮನಸಿನಾಗೆ ಇದ್ದಿದ್ದೆಲ್ಲ ಹೇಳಿ ಕಳಿಸ್ದೆ. ಒಂದ್ ಮಾತು ತಿರುಗಿ ಅನ್ಲಿಲ್ಲ ನಿನ್ನ ಸೊಸೆ. ಫೋನ್ ಮಾಡಿದ್ರೆ ಹೋಗಾಕಿಲ್ಲ. ನೀಕೇಮ್ ತೆಲುಸುರಾ, ಊರ್ಕೋ.’ ನಿನಗೇನು ಗೊತ್ತೋ, ಸುಮ್ಮನಿರು ಎಂದು ನನ್ನ ಬಾಯಿ ಮುಚ್ಚಿಸಬೇಕಾದಾಗ ಅವಳಿಗೆ ತೆಲುಗೇ ಬೇಕು.

ಅಂದೇ ನಿನ್ನ ಬಳಿಗೆ ಬಂದುಬಿಡೋಣವೆಂದು ಬಸ್ಸು ಹತ್ತಿದೆ. ನಡುದಾರಿಯ ಬಿ.ಜಿ. ಕೆರೆಯಲ್ಲಿ ಇಳಿದುಬಿಟ್ಟೆ. ಟೀ ಕುಡಿದು, ತಿರುಗಿ ಬರುವ ಬಸ್ಸು ಹತ್ತಿದೆ. ಮಾರನೆಯ ದಿನವೂ ಅದೇ ಕತೆ. ಎರಡನೆಯ ಸಲ ಕಂಡಕ್ಟರು, ‘ಯಜಮಾನ್ರೇ, ಟೀ ಕುಡಿಯೋಕೆ ಇಷ್ಟು ದೂರ ಬರ್ತೀರಾ?’ ಎಂದ. ‘ಇಲ್ಲಿಯ ಟೀ ಸಕತ್ತಾಗೈತೆ’ ಎಂದೆ. ಟೀ ನೀರಿನಂತಿತ್ತು.

ಶನಿವಾರ ನಿನಗೆ ಅರ್ಧ ದಿನ ಶಾಲೆಯಲ್ಲವೇ? ಹನ್ನೆರಡಕ್ಕೆ ಗೇಟಿನ ಬಳಿ ನಿಂತಿರುತ್ತೇನೆ, ಈ ಸಲ ನಡುವೆ ಇಳಿಯುವುದಿಲ್ಲ. ನಿನ್ನವ್ವನ ಬಳಿಗೆ ಹೋಗೋಣ, ಈರೇಶನನ್ನೂ ಕರೆದುಕೊಂಡು ಬಾ. ಬರುವುದಿಲ್ಲ ಎಂದು ಮನಸ್ಸಿದ್ದರೆ ಅದನ್ನು ನನ್ನ ಮುಖಕ್ಕೇ ಹೇಳು, ಕೇಳಿಸಿಕೊಂಡು ಬರುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ಕ್ಲಾಸಿನಲ್ಲಿ ನಿಂತೇ ಪಾಠ ಮಾಡಬೇಡ, ಕುರ್ಚಿ ಹಾಕಿಸಿಕೋ. ಹಡೆದು ಎದ್ದು ನೂರು ವರ್ಷ ಮಕ್ಕಳಿಗೆ ಗದರಿಸುತ್ತಿರು ಎಂದು ಹರಸುವ

ನಿನ್ನ ಮಾಮ,
ವೆಂಕಟೇಶಪ್ಪ

ತಾ.ಕ.: ಇದನ್ನು ಮೇಲೆ ಬರೆಯಬೇಕಿತ್ತು, ಕೈ ಬರಲಿಲ್ಲ. ಆ ಮೆಸೇಜು ನಿನ್ನವ್ವನದಲ್ಲ, ನನ್ನದು. ಅಕ್ಷರ ಬರದ ಅವಳು ಫೋನನ್ನು ನನ್ನ ಕೈಗೆ ಕೊಟ್ಟು, ನಾನು ಹೇಳಿದಂಗೆ ಬರಿ ಅಂದಳು. ನೀನು ತೊಟ್ಟಿಲಲ್ಲಿದ್ದಾಗಿನಿಂದ ಇವಳು ನನ್ನ ಮಗ ಹೇಮಂತನಿಗೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು ನಾನು. ಅಕ್ಕನ ಮಗಳ ಮೇಲೆ ಸೋದರಮಾವನ ಹಕ್ಕು ಮೊದಲು ಎಂದು ನಂಬಿದ್ದೆ. ನೀನು ಈರೇಶನ ಕೈ ಹಿಡಿದ ವಾರ ನನಗೆ ಬೀದಿಯಲ್ಲಿ ತಲೆಯೆತ್ತಲು ಆಗಿರಲಿಲ್ಲ. ಹೇಮಂತ ನಗುನಗುತ್ತಲೇ ಇದ್ದ, ಉರಿದದ್ದು ನನಗೆ. ಸಂಘದ ಹಳೆಯ ಕಡತದ ಮೇಲೆ ಕಂಡಿದ್ದ ಎರಡು ಇಂಗ್ಲಿಷ್ ಪದ ಒತ್ತಿ ಕಳಿಸಿದೆ. ಕೋಪದಲ್ಲಿ ಮಾಡಿದ್ದು, ಆದರೆ ತಿಳಿದೇ ಮಾಡಿದ್ದು. ಈ ಕಾಗದವನ್ನು ಡಬ್ಬಿಗೆ ಹಾಕಿದ ಕೂಡಲೇ ನಿನ್ನವ್ವನಿಗೂ ಹೇಳುತ್ತೇನೆ.

ಅವಳು ಅರ್ಧ ಗಂಟೆ ಹೇಳಿದ್ದಳು. ಬೈದಳು, ಅತ್ತಳು, ಮತ್ತೆ ಬೈದಳು. ‘ಇನ್ನೂ ಬೈಯೋದೈತೆ, ಬಂದು ಬೈಸ್ಕೊಂಡು ಹೋಗು ಅಂತ ಬರಿ. ಅವನನ್ನೂ ಕರ್ಕೊಂಡು ಬರ್ಲಿ. ಚಳಿಗೆ ಅವಳಿಗೆ ಕಿವಿನೋವು ಬರ್ತೈತೆ, ಹತ್ತಿ ಇಟ್ಕೊಳ್ಳಾಕೆ ಹೇಳು. ಆ ಹುಡುಗ ಖಾರ ತಿಂತಾನೋ ಇಲ್ವೋ ಕೇಳು, ಅಡಿಗೆ ಮಾಡ್ಬೇಕಲ್ಲ.’ ಕೊನೆಗೆ, ‘ಎಲ್ಲಾ ಬರೆದ್ಯೇನೋ?’ ಎಂದಳು. ಹೂಂ ಎಂದೆ. ಫೋನನ್ನು ಇಸಿದುಕೊಂಡು ಮಡಿಲಲ್ಲಿಟ್ಟು, ನಿನ್ನ ಉತ್ತರಕ್ಕೆ ಕಾಯುತ್ತಾ ಕೂತಳು.