ತೊಗರಿಬೇಳೆಯಷ್ಟು ಸೆನ್ಸರ್

ಅಕ್ಕಾ,

ಪಾಪುವಿನ ಫೋಟೊ ತೆಗೆಯಲು ನೀನು ಕರೆದಾಗಲೆಲ್ಲ ರಜೆ ಸಿಗುತ್ತಿಲ್ಲ ಎನ್ನುತ್ತಿದ್ದೆ. ರಜೆ ಇತ್ತು, ಧೈರ್ಯ ಇರಲಿಲ್ಲ. ನಿನ್ನ ಮದುವೆಯ ಮಬ್ಬು ಮಂಟಪದಲ್ಲಿ ನಾನು ತೆಗೆದ ಫೋಟೊಗಳೆಲ್ಲ ರವೆ ಚೆಲ್ಲಿದ ಹಾಗೆ ಚುಕ್ಕಿಚುಕ್ಕಿಯಾಗಿ ಬಂದಾಗ ಭಾವ ನನಗೆ ‘ನಡುಗಪ್ಪ’ ಎಂದು ಹೆಸರಿಟ್ಟರಲ್ಲ, ನನ್ನ ಕೈ ನಡುಗುತ್ತದೆಂದು ನಾನೂ ನಂಬಿಬಿಟ್ಟಿದ್ದೆ.

ನಿನ್ನೆ ಇಲ್ಲಿಯ ಕ್ಯಾಮೆರಾ ರಿಪೇರಿ ಅಂಗಡಿಯ ಒಡತಿಗೆ ಅದನ್ನು ಹೇಳಿದೆ. ಅವರು ನನ್ನ ಪುಟ್ಟ ಕ್ಯಾಮೆರಾವನ್ನು ಸ್ಟೂಲಿನ ಮೇಲಿಟ್ಟು, ಟೈಮರ್ ಹಾಕಿ, ಕತ್ತಲ ಮೂಲೆಯಲ್ಲಿ ಮಲಗಿದ್ದ ಅಂಗಡಿಯ ಬೆಕ್ಕಿನತ್ತ ತಿರುಗಿಸಿದರು. ಯಾರೂ ಮುಟ್ಟಲಿಲ್ಲ. ಆದರೂ ಫೋಟೊದಲ್ಲಿ ಬೆಕ್ಕಿನ ಮೈತುಂಬ ಅದೇ ರವೆ!

“ಏನಪ್ಪಾ, ಸ್ಟೂಲಿಗೂ ನಡುಕಾನಾ?” ಎಂದು ನಕ್ಕರು. ಆಮೇಲೆ ಬಿಚ್ಚಿಟ್ಟಿದ್ದ ಎರಡು ಕ್ಯಾಮೆರಾ ತೋರಿಸಿದರು. ಬೆಳಕು ಹಿಡಿಯುವ ಸೆನ್ಸರ್ ನನ್ನದರಂಥ ಪುಟ್ಟದರಲ್ಲಿ ತೊಗರಿಬೇಳೆಯಷ್ಟು, ಇನ್ನೊಂದರಲ್ಲಿ ಹೆಬ್ಬೆರಳಿನ ಉಗುರಿನಷ್ಟು. “ಇಪ್ಪತ್ತು ಮೆಗಾಪಿಕ್ಸೆಲ್ ಅಂತ ಮೆರೀಬೇಡ. ಇಷ್ಟು ಜಾಗದಲ್ಲಿ ಅಷ್ಟನ್ನೂ ತುರುಕಿದ್ರೆ ಒಂದೊಂದು ಚುಕ್ಕಿಗೆ ಸಿಗೋ ಬೆಳಕೆಷ್ಟು? ಬಿಸಿಲಲ್ಲಿ ಹೇಗೋ ನಡೆಯುತ್ತೆ, ಮಬ್ಬಲ್ಲಿ ಬಣ್ಣ ಬಯಲಾಗುತ್ತೆ.” ದೊಡ್ಡ ಸೆನ್ಸರಿನ ಕ್ಯಾಮೆರಾವನ್ನು ನಾನೇ ಕೈಯಲ್ಲಿ ಹಿಡಿದು ಕ್ಲಿಕ್ಕಿಸಿದೆ. ಬೆಕ್ಕಿನ ಮೀಸೆ ಎಳೆಎಳೆಯಾಗಿ ಬಂತು, ಅಕ್ಕಾ!

ಅದನ್ನೇ ಒಂದು ವಾರಕ್ಕೆ ಕಡ ಕೊಟ್ಟಿದ್ದಾರೆ. ಪಾಪು ಹೆದರುವ ಫ್ಲ್ಯಾಶ್ ಬೇಕಿಲ್ಲ, ಮಲಗಿದ್ದಲ್ಲೇ ಮಲಗಿರಲಿ. ಕಳೆದ ವಾರದ ನನ್ನ ಕೆಮ್ಮು ವಾಸಿಯಾಗಿದೆ, ಪಾಪುವನ್ನು ಎತ್ತಿಕೊಳ್ಳಲು ಅಡ್ಡಿಯಿಲ್ಲ. ರಜೆ ಹಾಕಿಯೇ ಬರುತ್ತಿದ್ದೇನೆ, ಹಿಂದೆ ಶಾಲೆ ಬಿಟ್ಟ ಹಾಗೆ ಇಲ್ಲಿಯ ಕೆಲಸ ಬಿಟ್ಟು ಬರುತ್ತಿಲ್ಲ ಎಂದು ಅಮ್ಮನಿಗೆ ಹೇಳು. ಭಾವನಿಗೆ ಮಾತ್ರ ಏನೂ ಹೇಳಬೇಡ, ಬೆಕ್ಕಿನ ಮೀಸೆಯನ್ನು ನಾನೇ ತೋರಿಸುತ್ತೇನೆ. ಕಾಗದದಲ್ಲಿ ಬರೆಯಲು ಜಾಗ ಮುಗಿಯಿತು. ಇದು ನಿನಗೆ ತಲುಪಲು ಮೂರು ದಿನ ಬಿಟ್ಟು ಬೆಳಗಿನ ಬಸ್ಸಿಗೆ ಹೊರಡುತ್ತೇನೆ.

ನಿನ್ನ ತಮ್ಮ