ಗಂಧದ ಕಲ್ಲಿನ ಹಿಮದ ಗೆರೆಗಳು

ನುಂಗಂಬಾಕ್ಕಂ, ಚೆನ್ನೈ
೧೪ ಫೆಬ್ರವರಿ ೨೦೦೧

ಪ್ರೀತಿಯ ಸುಘೋಷಣ್ಣಾ,

ಹೇಗಿದ್ದೀಯ? ತಾಲ್ಚೇರಿನ ಹೊಳೆದಂಡೆಯಲ್ಲಿ ಕಲ್ಲು ಹುಡುಕುತ್ತಾ ಕಾಲು ಉಳುಕಿಸಿಕೊಂಡಿದ್ದೆಯಲ್ಲ, ನೋವು ಹೋಯಿತೇ? ಭುವನೇಶ್ವರದ ಹಾಸ್ಟೆಲಿನಲ್ಲಿ ಮೊಸರು ಕೊಡುತ್ತಾರೋ ಇಲ್ಲವೋ ಎಂದು ಅಮ್ಮ ನಾಲ್ಕು ಸಲ ಕೇಳಿದ್ದಾಳೆ, ನಾನು ಒಂದೇ ಸಲ ಬರೆಯುತ್ತಿದ್ದೇನೆ. ಇಲ್ಲಿ ನಾವು ಮೂವರೂ ಕ್ಷೇಮ.

ಭಾನುವಾರ ನಿನ್ನ ಕಾಗದ ಓದಿದೆ. ದೀಪಾವಳಿಗೆ ಬಂದಾಗ ಮರೆತುಹೋದ ಕಲ್ಲನ್ನು ತಿಂಗಳೊಳಗೆ ಕಳಿಸು, ಅದರ ಚೂರು ಕತ್ತರಿಸಿ ದಕ್ಷಿಣದ ಬೆಟ್ಟಗಳ ಕಲ್ಲಿನೊಂದಿಗೆ ಹೋಲಿಸಿದರೆ ಮಾತ್ರ ಹಿಮನದಿ ಅದನ್ನು ಎಲ್ಲಿಂದ ಎಳೆದು ತಂದಿತೆಂದು ಹೇಳಬಹುದು, ಇಲ್ಲದಿದ್ದರೆ ಪ್ರಬಂಧದ ಕೊನೆಯ ಅಧ್ಯಾಯವೇ ನಿಲ್ಲುವುದಿಲ್ಲ ಎಂದಿದ್ದೀಯ. ಅಣ್ಣಾ, ಆ ಕಲ್ಲು ದೇವರ ಮನೆಯಲ್ಲಿದೆ. ಪುರಿಯ ಪ್ರಸಾದದ ಚೀಲದಲ್ಲೇ ಅದನ್ನೂ ಇಟ್ಟಿದ್ದವನು ನೀನು. ಅಪ್ಪ ಗಂಧ ತೇಯುವ ಸಾಣೇಕಲ್ಲು ಆಗಷ್ಟೇ ಸೀಳಿಹೋಗಿತ್ತು. ಇದರ ಒಂದು ಮಗ್ಗುಲು ಹಪ್ಪಳದಷ್ಟು ಚಪ್ಪಟೆ. ಗಂಧ ತೇಯಲೆಂದೇ ಮಗ ತಂದಿದ್ದಾನೆ ಎಂದುಕೊಂಡರು. ನೀನು ಬಿಳಿ ಬಣ್ಣದಲ್ಲಿ ಬರೆದಿದ್ದ ನಂಬರನ್ನು ಅಮ್ಮ ಹುಣಸೆಹಣ್ಣು ಹಾಕಿ ಉಜ್ಜಿ ತೆಗೆದಳು (ಅದು ೪೩, ನಾನು ಅವತ್ತೇ ನೋಡಿಟ್ಟಿದ್ದೆ). ನೂರು ದಿನದಿಂದ ನಿತ್ಯ ಅದರ ಮೇಲೆಯೇ ಗಂಧ. ಮನೆಗೆ ಬಂದವರಿಗೆಲ್ಲ ಅಪ್ಪ ತೋರಿಸಿ, "ನಮ್ಮ ಸುಘೋಷ ತಂದದ್ದು, ಪಾರುಂಗೋ, ನೋಡಿ. ಕಾಡುಮೇಡು ಅಲೆದರೂ ಅಪ್ಪನ ಪೂಜೆ ಮರೀಲಿಲ್ಲ" ಎನ್ನುತ್ತಾರೆ. ಆ ಮುಖಕ್ಕೆ ನಾನು ಏನೆಂದು ಹೇಳಲಿ? ಮೂರು ದಿನ ನಿನ್ನ ಕಾಗದವನ್ನು ಪುಸ್ತಕದೊಳಗೆ ಬಚ್ಚಿಟ್ಟುಕೊಂಡೆ.

ಇವತ್ತು ಪೂಜೆ ಮುಗಿಸಿ ಬಂದ ಅಪ್ಪನ ಕೈಗೆ ನಿನ್ನ ಕಾಗದವನ್ನೇ ಇಟ್ಟು ಅಡುಗೆಮನೆಗೆ ಓಡಿದೆ. ಆಮೇಲೆ "ತುಂಗಾ, ಇಲ್ಲಿ ಬಾಮ್ಮಾ" ಎಂದರು. ಕಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತಿದ್ದರು. ಗಂಧದ ಕೊರಡು ಅದನ್ನು ಒಂದಿಷ್ಟೂ ಸವೆಸಿಲ್ಲ. ಬದಲಿಗೆ ತೇಯ್ದ ಗಂಧ ಅದರ ಮೈಮೇಲಿನ ಗೀರುಗಳೊಳಗೆ ಇಳಿದು ಒಣಗಿ, ಕಪ್ಪು ಕಲ್ಲಿನ ಮೇಲೆ ತಿಳಿಹಳದಿ ಗೆರೆಗಳು ಎದ್ದು ಕಾಣುತ್ತಿದ್ದವು, ಎಲ್ಲವೂ ಒಂದೇ ದಿಕ್ಕಿಗೆ. ಫೋಟೋದಲ್ಲಿ ಗೆರೆಯೇ ಮೂಡುವುದಿಲ್ಲ ಎಂದು ನೀನು ಗೊಣಗುತ್ತಿದ್ದೆಯಲ್ಲ, ಈಗ ತೆಗೆದು ನೋಡು. "ಇದನ್ನ ಗೀಚಿದ್ದು ಹಿಮವಾ?" ಎಂದರು. ಮೂವತ್ತು ಕೋಟಿ ವರ್ಷದ ಹಿಂದೆ, ಈ ಕಲ್ಲನ್ನು ತನ್ನ ಅಡಿಯಲ್ಲಿ ಸಿಕ್ಕಿಸಿಕೊಂಡು ಬಂಡೆಗಳ ಮೇಲೆ ಎಳೆದಾಗ, ಎಂದು ನೀನು ಹೇಳಿಕೊಟ್ಟದ್ದನ್ನೇ ಒಪ್ಪಿಸಿದೆ. "ಮಾರ್ಗಳಿ ತಿಂಗಳ ಚಳಿಯಲ್ಲೂ ಫ್ಯಾನ್ ಹಾಕೋ ಊರಲ್ಲಿ ಕೂತು ಹಿಮದ ಕಥೆ ಹೇಳ್ತಾಳೆ ನೋಡಿ" ಎಂದು ಅಮ್ಮ ನಕ್ಕಳು. ಅಪ್ಪ ಬೆರಳಿಟ್ಟು ಗೆರೆ ಎಣಿಸುತ್ತಿದ್ದರು. ಹದಿನೇಳು. "ದಿನಾ ಕಣ್ಣೆದುರಿಗೇ ಇತ್ತು, ನಾನು ನೋಡಲೇ ಇಲ್ಲ ಕಣೇ" ಎಂದರು. ಕಲ್ಲನ್ನು ಮೆಲ್ಲಗೆ ಕೆಳಗಿಟ್ಟು, "ಪರವಾಯಿಲ್ಲೆ, ಕತ್ತರಿಸಲಿ. ಆದ್ರೆ ಈ ಮಗ್ಗುಲು ಬೇಡ, ಹಿಂದಿನದು." ಅಷ್ಟು ಚೌಕಾಸಿಯನ್ನಾದರೂ ನೀನು ಒಪ್ಪಿಕೊಳ್ಳಬೇಕು.

ಅಮ್ಮ ಅಪ್ಪನ ಆಶೀರ್ವಾದ ನಿನ್ನ ತಲೆಯ ಮೇಲಿದೆ, ನನ್ನ ನಮಸ್ಕಾರ ನಿನ್ನ ಉಳುಕಿದ ಕಾಲಿಗೆ.

ನಿನ್ನ ತಂಗಿ,
ತುಂಗಾ

ಮತ್ತೊಂದು ಮಾತು: ಅಂಚೆಗೆ ಹಾಕುವಷ್ಟರಲ್ಲಿ ಅಪ್ಪ ಸೆಂಟ್ರಲ್ ಸ್ಟೇಷನ್ನಿನಿಂದ ಬಂದರು. ಕಲ್ಲನ್ನು ಕೊರಿಯರಿನವರಿಗೆ ಕೊಡುವುದಿಲ್ಲವಂತೆ, ತಾವೇ ತರುತ್ತಾರಂತೆ, ಆ ಹೊಳೆದಂಡೆಯನ್ನೂ ನೋಡಬೇಕಂತೆ. ಸೋಮವಾರ ಬೆಳಿಗ್ಗೆ ಭುವನೇಶ್ವರದ ಸ್ಟೇಷನ್ನಿಗೆ ಬಾ. ಟಿಕೆಟ್ ಎರಡು ಇವೆ. ಇನ್ನೊಂದು ನನಗೆ.